ಕಾಲಿಗೆ ಬುದ್ಧಿ

ಗ್ಲಾಸ್ಗೋದ ಗೋವನ್ನಿನಲ್ಲಿ, ಕ್ಲೈಡ್ ಹೊಳೆಯ ಈಚೆ ದಡ,
ಹಡಗು ಎತ್ತುವ ಕ್ರೇನುಗಳು ಇದ್ದ ಕಡೆ
ಈಗ ತಂತಿ ಬೇಲಿಯ ಪುಟ್ಟ ಮೈದಾನ.
ಹುಲ್ಲು ಪ್ಲಾಸ್ಟಿಕ್ಕಿನದು. ಮಳೆ ಮಾತ್ರ ಅಸಲಿ.

ಮಂಗಳವಾರ ಹತ್ತಕ್ಕೆ ಬರುತ್ತಾರೆ ನನ್ನ ಮುದುಕರು
ಬಸ್ ಪಾಸು ಜೇಬಿಗೆ ತುರುಕುತ್ತ, ಒಬ್ಬೊಬ್ಬರೇ.
ಮೊದಲು ಬೆರಳ ತುದಿಗೆ ಸೂಜಿ, ಒಂದು ಹನಿ,
ತೋಳಿಗೆ ಪಟ್ಟಿ, ಸೊಂಟಕ್ಕೆ ಟೇಪು.
ಹೊಟ್ಟೆ ಒಳಗೆಳೆದುಕೊಳ್ಳಬೇಡಿ ಶೌಕತ್ ಚೀಮಾ,
ಮೋಸ ಹೋಗುವಷ್ಟು ಚಿಕ್ಕವಳಲ್ಲ ನಾನು.
(ಅವನ ಅಂಗಡಿಯ ಮಿಠಾಯಿ ಮೂವತ್ತು ವರ್ಷ ತಿಂದವರೇ
ಇವತ್ತು ಎದುರು ತಂಡ.)

ಆಮೇಲೆ ಸೂಜಿ ಒಳಗೆ, ಸೀಟಿ ಹೊರಗೆ.

ಆಟ ಫುಟ್‌ಬಾಲೇ. ಕಾನೂನು ಒಂದು ಹೆಚ್ಚು:
ಓಡಕೂಡದು.
ಒಂದು ಪಾದ ಯಾವಾಗಲೂ ನೆಲದ ಮೇಲಿರಬೇಕು.
ಎರಡೂ ಎದ್ದವೋ, ಸೀಟಿ; ಚೆಂಡು ಆಚೆಯವರಿಗೆ.
ಲೋಕದಲ್ಲಿ ಕಾಲಿಗೆ ಬುದ್ಧಿ ಹೇಳುವುದೆಂದರೆ ಓಟ ಕೀಳುವುದು.
ಇಲ್ಲಿ ನಿಜಕ್ಕೂ ಬುದ್ಧಿಯನ್ನೇ ಹೇಳಬೇಕು:
ತಾಳು ಎಡಗಾಲೇ, ಬಲಗಾಲು ಊರಲಿ,
ನೀನು ಎಪ್ಪತ್ತೆರಡರವನು, ಹದಿನೇಳರವನಲ್ಲ.
ಕಾಲು ಕೇಳಬೇಕಲ್ಲ!
ಚೆಂಡು ಕಂಡರೆ ಕಾಲಿಗೆ ಜನ್ಮ ದಿನಾಂಕ ಮರೆಯುತ್ತದೆ.

ನಮ್ಮ ಆಸ್ಪತ್ರೆಯ ಕರಪತ್ರ ಓದಿ ಬಂದವರು ಯಾರೂ ಇಲ್ಲ.
ಡೂಗಲ್ ಬಂದದ್ದು ಬಟ್ಟೆ ಬದಲಿಸುವ ಕೋಣೆ ಬೆಚ್ಚಗಿರುತ್ತದೆಂದು,
ಮನೆಯಲ್ಲಿ ಹೀಟರು ಹಚ್ಚಲು ಅವನಿಗೆ ಜೀವ ಬಾರದು.
ಶೌಕತ್ ಬಂದದ್ದು ಡೂಗಲ್ ಬಂದನೆಂದು.
ಟೀ ಜೊತೆ ಬಿಸ್ಕತ್ತೋ ಬಾಳೆಹಣ್ಣೋ ಎಂಬುದಕ್ಕೆ
ಮತದಾನವಾಯಿತು: ಏಳಕ್ಕೆ ಆರು, ಬಾಳೆಹಣ್ಣು ಗೆದ್ದಿತು.
ಸೋತ ಪಕ್ಷ ಇನ್ನೂ ಫಲಿತಾಂಶ ಒಪ್ಪಿಲ್ಲ.

ಆರ್ಚಿ ಗಿಲ್‌ಫಿಲನ್ ಬಂದದ್ದು ಕೂರಲಿಕ್ಕೆ.
ಹಡಗಿನ ಹೊಟ್ಟೆಯೊಳಗೆ ಮಲಗಿ ಬೆಸುಗೆ ಹಾಕಿದವನು.
ಎಡಗಾಲಿನ ಎರಡು ಬೆರಳು ಹೋದ ವರ್ಷ
ಸಕ್ಕರೆ ಕಾಯಿಲೆ ತಿಂದಿತ್ತು.
ಆರು ವಾರ ಬೆಂಚಿನ ಮೇಲೆ, ಕೋಟಿನ ಗುಂಡಿ ಬಿಚ್ಚದೆ.
ಏಳನೆಯ ವಾರ ಗೋಲಿಗೆ ಆಳಿಲ್ಲ.
ನಿಂತರಷ್ಟೇ ಸಾಕು ಆರ್ಚಿ, ಎಂದೆ. ನಿಂತ.
ನಿಂತವನು ಮುಂದಿನ ತಿಂಗಳು ಗೆರೆ ದಾಟಿ ಎರಡು ಹೆಜ್ಜೆ ಬಂದ;
ಕೋಟು ಕಂಬಕ್ಕೆ ನೇತುಬಿತ್ತು.

ಮೊನ್ನೆ ಶೌಕತ್ತನ ಬೂಟಿನಿಂದ ಜಾರಿದ ಚೆಂಡು
ಅಂಚಿನ ಬಿಳಿ ಗೆರೆಯತ್ತ ಒಂಟಿಯಾಗಿ ಹೊರಟಿತ್ತು.
ಹತ್ತಿರ ಯಾರಿಲ್ಲ. ಆರ್ಚಿ ನಡೆದ,
ಬೇಗ ನಡೆದ, ಇನ್ನೂ ಬೇಗ,
ಆಮೇಲೆ
ಮೂರೇ ಹೆಜ್ಜೆ.
ಕಂಡೆ ನಾನು: ಅವನ ಎರಡು ಅಂಗಾಲಿಗೂ ಹುಲ್ಲಿಗೂ ನಡುವೆ
ಎರಡು ಬೆರಳಿನಷ್ಟು ಗಾಳಿ,
ಅದರೊಳಗೆ ಹಾಯುತ್ತಿದ್ದ ಮಳೆ.

ಬಾಯಿಗೆ ಅಭ್ಯಾಸ; ಸೀಟಿ ಊದಿಬಿಟ್ಟಿತು.

ನಿಂತ. ಮುಖ ಕೆಂಪಗೆ.
ಓಡಿದೆನೇ?
ಓಡಿದಿರಿ.
ಸರಿಯಾಗಿ ನೋಡಿದೆಯಾ?
ಎರಡೂ ಕಾಲು ಮೇಲಿದ್ದವು.
ಎದುರು ತಂಡದ ಕಡೆ ತಿರುಗಿ,
ಕೇಳಿದಿರೇನ್ರೋ, ನಾನು ಓಡಿದೆನಂತೆ, ಎಂದ.
ಅವರು ಕೇಳಿಸಿಕೊಂಡು, ಚೆಂಡಿಟ್ಟು, ಗೋಲು ಹೊಡೆದರು.
ಡೂಗಲ್ ಇಲ್ಲಿ ಬರೆಯಲಾಗದ್ದನ್ನು ಬೈದ.

ನಗರಸಭೆಗೆ ತಿಂಗಳಿಗೊಮ್ಮೆ ನಮೂನೆ ಕಳಿಸಬೇಕು:
ತೂಕ, ಸುತ್ತಳತೆ, ರಕ್ತದೊತ್ತಡ, ಮೂರು ತಿಂಗಳ ಸಕ್ಕರೆಯ ಸರಾಸರಿ.
ಕೊನೆಯಲ್ಲಿ 'ಇತರೆ' ಎಂಬ ಇರುಕು ಕಿಂಡಿ.
ಆರ್ಚಿಯ ಸಕ್ಕರೆ ಒಂದಿಷ್ಟು ಇಳಿದಿದೆ, ತೂಕ ಹಟ ಹಿಡಿದಿದೆ.
ಕಿಂಡಿಯಲ್ಲಿ ಬರೆದೆ: ಫೌಲ್, ಹತ್ತು ನಲವತ್ತಕ್ಕೆ.
ಕಚೇರಿಯವರು ಏನು ತಿಳಿದುಕೊಳ್ಳುತ್ತಾರೋ.

ಅತ್ತ ಟೀ ಮೇಜಿನ ಪಕ್ಕ
ಸುಲಿದ ಬಾಳೆಹಣ್ಣು ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ.
ಅಬರ್ಡೀನಿನ ಮಗಳು ಗಾಬರಿಯಾಗಿರಬೇಕು,
ಇವನು ಕಿರುಚುತ್ತಿದ್ದಾನೆ:
ಇಲ್ಲಮ್ಮ, ಬಿದ್ದಿಲ್ಲ, ಬಿದ್ದಿಲ್ಲ,
ಮೊದಲು ಪೂರ್ತಿ ಕೇಳು,
ಸಿಕ್ಕಿಬಿದ್ದೆ!